ಆರೆಂಜ್: ಎರಡೋ ಮೂರೋ?

ಪ್ರಶ್ನೆ: ಇಂಗ್ಲಿಷಿನ ‘ಆರೆಂಜ್’ ಪದದಲ್ಲಿ ಸಿಲೆಬಲ್ ಎಷ್ಟು? ಸರಿಯಾದ ಉಚ್ಚಾರ ಯಾವುದು? ಅದು ಭಾರತದಿಂದಲೇ ಹೋದ ಪದ ಎನ್ನುತ್ತಾರಲ್ಲ, ನಿಜವೇ?

ಉತ್ತರ: ಎರಡು. ಸಿಲೆಬಲ್ ಎಂದರೆ ಒಂದು ಸ್ವರದ ಸುತ್ತ ಒಂದೇ ಏಟಿಗೆ ನುಡಿಯುವ ತುಂಡು. ಅಮೆರಿಕದಲ್ಲಿ ಎರಡನೆಯ ಸ್ವರವನ್ನು ನುಂಗಿ ಒಂದೇ ಸಿಲೆಬಲ್ಲಿನಲ್ಲಿ ಮುಗಿಸುವವರೂ ಇದ್ದಾರೆ. ಅದು ಅಲ್ಲಿನ ರೂಢಿ, ತಪ್ಪೇನಲ್ಲ. ಮೂರು ಮಾಡುವವರು ನಾವು. ಬಸ್ಸು, ಕಾರು, ಬ್ಯಾಂಕುಗಳ ಹಾಗೆ ಇದರ ಬಾಲಕ್ಕೂ ‘ಉ’ ಅಂಟಿಸಿ ‘ಆರೆಂಜು’ ಎನ್ನುತ್ತೇವೆ. ಕನ್ನಡದ ನಡುವೆ ಅದು ಸಹಜವೇ, ಇಂಗ್ಲಿಷ್ ಮಾತಾಡುವಾಗ ಮಾತ್ರ ಬೇಡ.

ಬ್ರಿಟಿಷ್ ಉಚ್ಚಾರದಲ್ಲಿ ಮೊದಲ ಸ್ವರ ನಮ್ಮ ‘ಆ’ ಅಲ್ಲ, ‘ಒ’ ಕೂಡ ಅಲ್ಲ. ‘ಆ’ ಎನ್ನುವಷ್ಟು ಬಾಯಿ ತೆರೆದು, ತುಟಿಯನ್ನು ತುಸು ದುಂಡಗೆ ಮಾಡಿ, ಎಳೆಯದೆ ಬಿಡಿ. ಎರಡನೆಯದು ‘ರೆಂ’ ಅಲ್ಲ, ಹ್ರಸ್ವ ‘ರಿಂ’; ‘ರ’ ಎನ್ನುವಾಗ ನಾಲಿಗೆಯ ತುದಿ ಅಂಗುಳನ್ನು ಮುಟ್ಟಬಾರದು. ಒತ್ತು ಮೊದಲ ಭಾಗದ ಮೇಲೆ. ನಾವು ಎಡವುವುದು ಹೆಚ್ಚಾಗಿ ಇಲ್ಲಿಯೇ: ಅನುಸ್ವಾರವಿರುವ ‘ರೆಂ’ ನಮಗೆ ಗುರು, ಹಾಗಾಗಿ ನಾಲಿಗೆ ಅದರ ಮೇಲೆಯೇ ಭಾರ ಹಾಕುತ್ತದೆ. ಬಹುವಚನದಲ್ಲಿ ಮಾತ್ರ ಸಿಲೆಬಲ್ ನಿಜಕ್ಕೂ ಮೂರು: ‘ಆರಿಂಜಿಜ್’.

ಮೂಲದ ಮಾತು ನಿಜ. ಸಂಸ್ಕೃತದ ‘ನಾರಂಗ’ ಪರ್ಷಿಯನ್ನಿನಲ್ಲಿ ‘ನಾರಂಗ್’, ಅರಬ್ಬಿಯಲ್ಲಿ ‘ನಾರಂಜ್’, ಸ್ಪ್ಯಾನಿಷ್‌ನಲ್ಲಿ ‘ನರಾಂಹ’ ಆಯಿತು. ಸಂಸ್ಕೃತಕ್ಕೆ ಅದು ದ್ರಾವಿಡದಿಂದ ಬಂದಿರಬೇಕು ಎನ್ನುವ ವಿದ್ವಾಂಸರು ಕಂಪು ಎಂಬರ್ಥದ ‘ನರು’ವಿನತ್ತ ಬೆರಳು ತೋರಿಸುತ್ತಾರೆ. ನಮ್ಮ ‘ನರುಗಂಪು’ವಿನಲ್ಲಿರುವುದೂ ಅದೇ. ಮೊದಲಿನ ‘ನ’ ಉದುರಿದ್ದು ಇಟಾಲಿಯನ್, ಫ್ರೆಂಚ್‌ಗಳಲ್ಲಿ: ‘ಒಂದು’ ಎನ್ನುವ ಪದದ ಕೊನೆಯ ನಕಾರದೊಳಗೆ ಅದು ಕರಗಿಹೋಯಿತು. ಇಂಗ್ಲಿಷ್ ಪದ ಹುಟ್ಟಿದ್ದು ಫ್ರೆಂಚಿನ ‘ಒರೆಂಜ್’ನಿಂದ. ‘ನೇಪ್ರನ್’ ಇಂಗ್ಲಿಷಿನಲ್ಲಿ ‘ಏಪ್ರನ್’ ಆದದ್ದೂ ಇಂಥದೇ ಕಳವು.

ಇಂಗ್ಲಿಷಿಗೆ ಮೊದಲು ಬಂದದ್ದು ಹಣ್ಣಿನ ಹೆಸರು. ಬಣ್ಣಕ್ಕೆ ಅದು ಅಂಟಿಕೊಂಡದ್ದು 16ನೇ ಶತಮಾನದಲ್ಲಿ. ಅದಕ್ಕೂ ಹಿಂದೆ ಹಳೆಯ ಇಂಗ್ಲಿಷಿನಲ್ಲಿ ‘ಹಳದಿಗೆಂಪು’ ಎಂಬರ್ಥದ ಜೋಡುಪದವೊಂದಿತ್ತು. ರಾಬಿನ್ ಹಕ್ಕಿಯ ಎದೆ ಕಿತ್ತಳೆ ಬಣ್ಣದ್ದಾದರೂ ‘ರಾಬಿನ್ ರೆಡ್‌ಬ್ರೆಸ್ಟ್’ ಎಂಬ ಹೆಸರಿನಲ್ಲಿ ‘ರೆಡ್’ (ಕೆಂಪು) ಉಳಿದಿರುವುದು ಆ ಕಾಲದ ಗುರುತು.

ಇನ್ನೊಂದು ಗೊಂದಲ. ಡಚ್ ರಾಜಮನೆತನದ ‘ಆರೆಂಜ್’ ಹಣ್ಣಿನಿಂದ ಬಂದದ್ದಲ್ಲ. ಅದು ದಕ್ಷಿಣ ಫ್ರಾನ್ಸಿನ ಒಂದು ಊರು. ರೋಮನ್ನರ ಕಾಲದಲ್ಲಿ ಅದರ ಹೆಸರು ‘ಅರೌಸಿಯೊ’. ಉಚ್ಚಾರ ಸವೆಯುತ್ತ ಸವೆಯುತ್ತ ಹಣ್ಣಿನ ಹೆಸರಿಗೆ ಬಂದು ಕೂಡಿಕೊಂಡಿತು, ಮನೆತನದವರು ಬಣ್ಣವನ್ನೂ ತಮ್ಮದಾಗಿಸಿಕೊಂಡರು.