ಕೀಲಿ ಹಾಗೇ ಇತ್ತು, ಕೊಂಡಿ ಕಿತ್ತು ಬಂದಿತ್ತು

ಓದುಗರ ಪತ್ರ: ಹುಬ್ಬಳ್ಳಿಯ ವಿದ್ಯಾನಗರದ ಆಚೆಗಿನ ಒಂದು ಲೇಔಟಿನಲ್ಲಿ ನನ್ನ ಮನೆ. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತಳಾಗಿದ್ದೇನೆ, ಒಬ್ಬಳೇ ಇರುತ್ತೇನೆ. ಹದಿನೈದು ದಿನ ಮಗಳ ಊರಿಗೆ ಹೋಗಿದ್ದಾಗ ಕಳವಾಗಿ ಟ್ರೆಜರಿಯಲ್ಲಿದ್ದ (ತಗಡಿನ ಕಪಾಟು) ಆರು ತೊಲೆ ಬಂಗಾರ ಹೋಯಿತು. ಐದು ವಾರ ಕಳೆದು, ಲಗ್ನಕ್ಕೆಂದು ಗದಗಕ್ಕೆ ಹೋದ ರಾತ್ರಿ ಮತ್ತೆ ಅದೇ ಬಾಗಿಲು. ಈ ಸಲ ತಾಮ್ರದ ಹಂಡೆ, ನೀರಿನ ಮೋಟರ್, ಗ್ಯಾಸ್ ಸಿಲಿಂಡರ್. ನಡುವೆ ಪಕ್ಕದ ಎರಡು ಮನೆಗೂ ನುಗ್ಗಿದ್ದರು. ದೊಡ್ಡ ಕೀಲಿಯನ್ನೇ ತಂದು ಹಾಕಿದ್ದೆ. ಬಂದು ನೋಡಿದರೆ ಕೀಲಿ ಹಾಗೇ ಜೋತಾಡುತ್ತಿತ್ತು. ಎರಡನೇ ಸಲ ಠಾಣೆಯಲ್ಲಿ ಅರ್ಜಿ ತೆಗೆದುಕೊಂಡು ಚೀಟಿ ಕೊಟ್ಟರು, ಅಷ್ಟೇ. ಕ್ಯಾಮೆರಾ ಹಾಕಿಸಿದರೆ ಸಾಕೇ? ಓಣಿಯ ಹುಡುಗರು ರಾತ್ರಿ ಗಸ್ತು ತಿರುಗುತ್ತೇವೆ, ಸಿಕ್ಕವರನ್ನು ಬಿಡುವುದಿಲ್ಲ ಅನ್ನುತ್ತಾರೆ. ನಾಯಿ ಸಾಕಬೇಕೇ?

ಸಂಪಾದಕರ ಉತ್ತರ:

ಅಕ್ಕೋರೇ, ‘ಕೀಲಿ ಹಾಗೇ ಜೋತಾಡುತ್ತಿತ್ತು’ ಅಂತ ಬರೆದಿದ್ದೀರಲ್ಲ, ಎರಡೂ ಕಳವಿನ ಗುಟ್ಟು ಅಲ್ಲೇ ಇದೆ. ಕಳ್ಳ ಕೀಲಿಯ ತಂಟೆಗೇ ಹೋಗಿಲ್ಲ. ಕೊಂಡಿಯ ಸಂದಿಗೆ ಸಲಾಕೆ ತೂರಿಸಿ ಮೀಟಿದ್ದಾನೆ. ನಮ್ಮ ಕಡೆಯ ಬಹುಪಾಲು ಬಾಗಿಲುಗಳಲ್ಲಿ ಕೊಂಡಿ ನಿಂತಿರುವುದು ಒಂದು ಅಂಗುಲದ ನಾಲ್ಕು ಸ್ಕ್ರೂಗಳ ಮೇಲೆ. ಮೀಟಿದರೆ ಅವು ಕಟ್ಟಿಗೆಯ ಪುಡಿಯ ಸಮೇತ ಹೊರಗೆ ಬರುತ್ತವೆ. ನೀವು ಕೀಲಿ ಬದಲಿಸಿದಿರಿ. ಬಡಿಗ ಕೊಂಡಿಯನ್ನು ಅದೇ ತೂತುಗಳಿಗೆ, ಬಹುಶಃ ಬೆಂಕಿಕಡ್ಡಿ ತುರುಕಿ, ಮತ್ತೆ ಕೂರಿಸಿ ಹೋಗಿರುತ್ತಾನೆ. ಎರಡನೇ ಸಲಕ್ಕೆ ಮೊದಲಿನಷ್ಟು ಬಲವೂ ಬೇಕಾಗಿರಲಿಕ್ಕಿಲ್ಲ.

‘ಒಮ್ಮೆ ಆದ ಮನೆಗೆ ಮತ್ತೆ ಬರುವುದಿಲ್ಲ’ ಅನ್ನುವ ಮಾತು ಪೂರಾ ಉಲ್ಟಾ. ಒಮ್ಮೆ ಕಳವಾದ ಮನೆಗೂ ಅದರ ಅಕ್ಕಪಕ್ಕಕ್ಕೂ ಮುಂದಿನ ಕೆಲವು ವಾರವೇ ಹೆಚ್ಚು ಅಪಾಯ. ಒಳಗಿನ ನಕ್ಷೆ ಅವನಿಗೆ ಬಾಯಿಪಾಠ ಆಗಿರುತ್ತದೆ, ಮೊದಲ ಸಲ ಹೊರಲಾಗದೆ ಬಿಟ್ಟ ಭಾರದ ಸಾಮಾನು ಕಣ್ಣಲ್ಲಿರುತ್ತದೆ, ಬಾಗಿಲು ಎಷ್ಟು ಗಟ್ಟಿ ಅನ್ನುವುದೂ ಗೊತ್ತು. ನಿಮ್ಮಲ್ಲಿ ಮೊದಲು ಬಂಗಾರ, ಆಮೇಲೆ ಹಂಡೆ ಮತ್ತು ಮೋಟರ್ ಹೋದದ್ದು ಈ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ. 1980ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಹತ್ತಿರದ ಕರ್ಕ್‌ಹೋಲ್ಟ್ ಎಂಬ ಬಡಾವಣೆಯಲ್ಲಿ ಇದನ್ನೇ ಹಿಡಿದು ಕೆಲಸ ಮಾಡಿದರು. ಇಡೀ ಊರಿಗೆ ಕಾವಲು ಹಾಕುವ ಬದಲು, ಕಳವಾದ ಮನೆಯನ್ನು ಕೂಡಲೇ ಭದ್ರ ಮಾಡಿ, ಸುತ್ತಲಿನ ಐದಾರು ಮನೆಯವರನ್ನು ಅದರ ಮೇಲೆ ಕಣ್ಣಿಡಲು ಒಪ್ಪಿಸಿದರು. ಕಳವು ಭಾರೀ ಪ್ರಮಾಣದಲ್ಲಿ ಇಳಿಯಿತು. ನಿಮ್ಮ ಓಣಿಗೂ ಇದೇ ದಾರಿ.

ಹಾಗಾಗಿ ಮೊದಲ ದುಡ್ಡು ಬಾಗಿಲಿಗೆ, ಕ್ಯಾಮೆರಾಕ್ಕಲ್ಲ.

ಕೊಂಡಿಗೆ ಸ್ಕ್ರೂ ಬೇಡವೇ ಬೇಡ. 8 ಎಂಎಂ ದಪ್ಪದ ಬೋಲ್ಟನ್ನು ಬಾಗಿಲಿನ ಆರಪಾರ ಹಾಕಿಸಿ. ಹೊರಗೆ ಪಾನಾ (ಸ್ಪ್ಯಾನರ್) ಹಿಡಿಯದ ದುಂಡು ತಲೆ, ಒಳಗೆ ನಟ್ಟು ಇರಲಿ. ನಟ್ಟಿನ ಕೆಳಗೆ ಬರೀ ವಾಷರ್ ಹಾಕಿದರೆ ಮೀಟಿದಾಗ ಅದು ಕಟ್ಟಿಗೆಯನ್ನು ಸೀಳಿಕೊಂಡು ಬರುತ್ತದೆ. 3 ಎಂಎಂ ದಪ್ಪದ ಕಬ್ಬಿಣದ ಪಟ್ಟಿಯನ್ನು ಒಂದು ಗೇಣು ಉದ್ದ ಕೊಟ್ಟು ನಾಲ್ಕೂ ಬೋಲ್ಟು ಅದರ ಮೂಲಕ ಹಾಯುವ ಹಾಗೆ ಮಾಡಿಸಿ. ಬೋಲ್ಟಿನ ಉದ್ದ ಬಾಗಿಲಿನ ದಪ್ಪಕ್ಕಿಂತ ಒಂದು ಅಂಗುಲ ಹೆಚ್ಚಿಗೆ ಇದ್ದರೆ ಸಾಕು. ಇಷ್ಟಾದ ಮೇಲೆ ಸೋಲುವುದು ಚೌಕಟ್ಟು. ಆಲ್ಡ್ರಾಪಿನ (ಬಾಗಿಲಿಗೆ ಅಡ್ಡಲಾಗಿ ಸರಿಯುವ ದೊಡ್ಡ ಚಿಲಕ) ಸರಳು ಹೋಗಿ ಕೂರುವ ತೂತು ಚೌಕಟ್ಟಿನ ಅಂಚಿಗೆ ಹತ್ತಿರವಿದ್ದರೆ, ಭುಜ ಕೊಟ್ಟು ಎರಡು ಸಲ ಗುದ್ದಿದರೆ ಆ ಅಂಚು ಬಿರಿಯುತ್ತದೆ. ತೂತಿನ ಸುತ್ತ ಕಬ್ಬಿಣದ ಪಟ್ಟಿ ಹೊಡೆಸಿ. ಚೌಕಟ್ಟನ್ನು ಕೀಲಿಯ ಕಡೆ ಮೂರು ಜಾಗದಲ್ಲಿ, ಕಟ್ಟಿಗೆ ದಾಟಿ ಗೋಡೆಯೊಳಗೆ ಎರಡು ಅಂಗುಲವಾದರೂ ಇಳಿಯುವ ಆಂಕರ್ ಬೋಲ್ಟಿನಿಂದ ಹಿಡಿಸಿ. ಅದಕ್ಕೂ ಮೊದಲು ಚೌಕಟ್ಟಿನ ಬದಿಯ ಗಿಲಾಯವನ್ನು (ಪ್ಲಾಸ್ಟರು) ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ. ಟೊಳ್ಳು ಸಪ್ಪಳ ಬಂದರೆ ಅಲ್ಲಿ ಸಂದಿ ಇದೆ, ಮೇಲೆ ಬರೀ ಸಿಮೆಂಟು ಸವರಿದ್ದಾರೆ. ಕೆದಕಿ ಕಾಂಕ್ರೀಟು ತುಂಬಿಸದೆ ಅಲ್ಲಿ ಯಾವ ಬೋಲ್ಟೂ ನಿಲ್ಲುವುದಿಲ್ಲ. ಹೊಸ ಲೇಔಟಿನ ಮನೆಗಳಲ್ಲಿ ಈ ಟೊಳ್ಳು ಸಾಮಾನ್ಯ.

ಮುಂಬಾಗಿಲಿಗೆ ಹೊರಗಡೆ ಜೋತುಬೀಳುವ ಕೀಲಿಯೇ ‘ಮನೆಯಲ್ಲಿ ಯಾರೂ ಇಲ್ಲ’ ಅನ್ನುವ ಬೋರ್ಡು. ಬಾಗಿಲಿನ ಒಳಗೇ ಕೂರುವ, ಹೊರಗೆ ಬರೀ ಕೀಲಿಕೈ ತೂತು ಕಾಣುವ ಲಾಕ್ ಹಾಕಿಸಿದರೆ ಇದ್ದೀರೋ ಇಲ್ಲವೋ ಹೊರಗಿನವರಿಗೆ ತಿಳಿಯುವುದಿಲ್ಲ. ಗೇಟಿನ ಕೀಲಿಯನ್ನೂ ಒಳಬದಿಗೆ, ಕೈ ತೂರಿಸಿ ಹಾಕುವ ಹಾಗೆ ಮಾಡಿಸಬಹುದು.

ಹಿತ್ತಿಲ ಬಾಗಿಲು, ಮಾಳಿಗೆ ಬಾಗಿಲು ಎರಡಕ್ಕೂ ಕೀಲಿಯೇ ಬೇಕಿಲ್ಲ. ನೀವು ಹೊರಡುವುದು ಮುಂಬಾಗಿಲಿಂದ ತಾನೇ? ಹಳೇ ವಾಡೆಗಳಲ್ಲಿದ್ದ ಅಗಳಿ ನೆನಪಿರಬೇಕು ನಿಮಗೆ. ಅದೇ ಸಾಕು. ಬಾಗಿಲಿನ ಎರಡೂ ಬದಿ ಗೋಡೆಗೆ ಕಬ್ಬಿಣದ ಕೊಕ್ಕೆ ಹೂತು, ಒಳಗಿಂದ ಅಡ್ಡಲಾಗಿ ಒಂದು ಪೈಪು ಇಟ್ಟರೆ, ಹೊರಗಿಂದ ಮೀಟಲು ಅವನಿಗೆ ಹಿಡಿತವೇ ಸಿಗುವುದಿಲ್ಲ. ಮಾಳಿಗೆಯ ಜಿನ್ನೆ (ಮೆಟ್ಟಿಲು) ಕೋಣೆಗೆ ತೆಳು ತಗಡಿನ ಬಾಗಿಲು ಹಾಕಿ ಸುಮ್ಮನಾಗುವವರು ಬಹಳ. ಪಕ್ಕದ ಮನೆಯ ಮಾಳಿಗೆಯಿಂದ ಇತ್ತ ದಾಟುವುದು ಎಷ್ಟು ಸಲೀಸು ಅಂತ ಒಮ್ಮೆ ಹತ್ತಿ ನೋಡಿ. ಕಿಟಕಿಯಲ್ಲಿ ನೋಡಬೇಕಾದದ್ದು ಎರಡು. ಗ್ರಿಲ್ಲಿನ ಸ್ಕ್ರೂ ಹೊರಗೆ ಕಾಣುತ್ತಿದ್ದರೆ ಅದರ ತಲೆಯ ಗೀರನ್ನು ವೆಲ್ಡಿಂಗಿನಿಂದ ಮುಚ್ಚಿಸಿ. ಬಾಗಿಲ ಪಕ್ಕದ ಕಿಟಕಿಯಿಂದ ಕೋಲು ಹಾಕಿದರೆ ಒಳಚಿಲಕಕ್ಕೆ ಮುಟ್ಟುತ್ತದೆಯೇ ಅಂತ ನೀವೇ ಹೊರಗೆ ನಿಂತು ಪ್ರಯತ್ನಿಸಿ. ಮುಟ್ಟಿದರೆ ಆ ಕಿಟಕಿಗೆ ಜಾಳಿಗೆ ಬೇಕು.

ಟ್ರೆಜರಿಯ ಬಗ್ಗೆ ಭ್ರಮೆ ಬೇಡ. ಅದರ ತಗಡು ಸಲಾಕೆಗೆ ಡಬ್ಬಿಯ ಮುಚ್ಚಳದಂತೆ ಏಳುತ್ತದೆ. ಎಷ್ಟೋ ಮನೆಗಳಲ್ಲಿ ಅಷ್ಟೂ ಶ್ರಮವಿಲ್ಲ, ಕೀಲಿಕೈ ಗಾದಿಯ ಕೆಳಗೋ ದೇವರ ಮಾಡದಲ್ಲೋ ಸಿಗುತ್ತದೆ. ಉಳಿದ ಬಂಗಾರ ಬ್ಯಾಂಕಿನ ಲಾಕರಿಗೆ ಹೋಗಲಿ. ರಿಸರ್ವ್ ಬ್ಯಾಂಕಿನ ನಿಯಮದಂತೆ, 2022ರ ಜನವರಿಯಿಂದ, ಬ್ಯಾಂಕಿನಲ್ಲೇ ಕಳವು ಅಥವಾ ಬೆಂಕಿ ಅನಾಹುತವಾಗಿ ಅದರ ಹೊಣೆ ಬ್ಯಾಂಕಿನ ಮೇಲೆ ಬಂದರೆ, ವರ್ಷದ ಬಾಡಿಗೆಯ ನೂರು ಪಟ್ಟಿನ ತನಕ ಪರಿಹಾರ. ಬಾಡಿಗೆ 2,000 ಇದ್ದರೆ 2 ಲಕ್ಷ. ಅದಕ್ಕಿಂತ ಹೆಚ್ಚಿನ ಬೆಲೆಯ ಒಡವೆಗೆ ಬೇರೆ ವಿಮೆ ನೋಡಬೇಕು.

ಊರಿಗೆ ಹೋಗುವಾಗ ದೀಪ ಹಚ್ಚಿಟ್ಟು ಹೋಗುತ್ತೇನೆ ಅನ್ನುತ್ತಾರೆ. ಹಗಲು ಹನ್ನೆರಡಕ್ಕೂ ಉರಿಯುವ ಹೊರಗಿನ ಬಲ್ಬು ಕೀಲಿಗಿಂತ ಜೋರಾಗಿ ಸಾರುತ್ತದೆ. ಕತ್ತಲಾದಾಗ ತಾನೇ ಹತ್ತಿ ಬೆಳಗಾದಾಗ ಆರುವ ಸೆನ್ಸರ್ ಹೋಲ್ಡರ್ ಹಾಕಿ. ಆದರೆ ನಮ್ಮ ಕಡೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಹೊಸ್ತಿಲು. ಓಣಿಯ ಎಲ್ಲ ಮನೆಯ ಮುಂದೆ ಥಳಿ ಹೊಡೆದು ರಂಗೋಲಿ ಹಾಕಿದ್ದು, ಒಂದರ ಮುಂದೆ ಮಾತ್ರ ಮೂರು ದಿನದ ಒಣ ಧೂಳು ಇದ್ದರೆ, ಬೆಳಿಗ್ಗೆ ಸೈಕಲ್ ಮೇಲೆ ಒಂದು ಸುತ್ತು ಹಾಕಿದವನಿಗೆ ಬೇರೆ ಏನು ಬೇಕು? ಪಕ್ಕದ ಮನೆಯವರು ತಮ್ಮ ಅಂಗಳದ ಜೊತೆ ನಿಮ್ಮದಕ್ಕೂ ಒಂದು ತಂಬಿಗೆ ನೀರು ಹಾಕಿ ನಾಲ್ಕು ಎಳೆ ಎಳೆಯಲಿ. ಪೇಪರು, ಹಾಲಿನ ಪಾಕೀಟು ಎತ್ತಿಡಲಿ. ಅವರು ಹೋದಾಗ ನೀವು. ಮನೆಯ ಲಗ್ನಪತ್ರಿಕೆಯಂತೂ ಯಾವ ದಿನ ಎಷ್ಟು ಹೊತ್ತು ಇಡೀ ಮನೆ ಖಾಲಿ ಅನ್ನುವುದರ ವೇಳಾಪಟ್ಟಿ. ಅಂಥ ದಿನ ಒಬ್ಬರನ್ನು ಮನೆಯಲ್ಲಿ ಬಿಟ್ಟೇ ಹೊರಡಬೇಕು. ಠಾಣೆಗೂ ತಾರೀಖು, ಪಕ್ಕದವರ ಫೋನ್ ನಂಬರು ಬರೆದುಕೊಡಿ, ಬೀಟ್ ಪೊಲೀಸರ ನಂಬರು ಬರೆದುಕೊಳ್ಳಿ.

ಈಗ ಕ್ಯಾಮೆರಾ. ಬಾಗಿಲು ಗಟ್ಟಿಯಾದ ಮೇಲೆ ಹಾಕಿಸಿ, ಬೇಡ ಅನ್ನುವುದಿಲ್ಲ. 2 ಮೆಗಾಪಿಕ್ಸೆಲಿನ ಸಾಮಾನ್ಯ ಕ್ಯಾಮೆರಾದಲ್ಲಿ ಮುಖದ ಗುರುತು ಸಿಗುವುದು 10–15 ಅಡಿಯ ಒಳಗೆ ಮಾತ್ರ. ಅದರಾಚೆ ‘ಯಾರೋ ಒಬ್ಬ ಹೋದ’ ಅಷ್ಟೇ. ಅದಕ್ಕೇ ಒಂದು ಕ್ಯಾಮೆರಾ ಮುಂಬಾಗಿಲಿಗೆ ಬರುವವನ ಮುಖಕ್ಕೆ ನೇರವಾಗಿರಲಿ, ಎಂಟು ಅಡಿಗಿಂತ ಮೇಲೆ ಏರಿಸಿದರೆ ಟೊಪ್ಪಿಗೆಯೇ ಕಾಣುತ್ತದೆ. ಇಂಥ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 20 ಜಿಬಿ ತಿನ್ನುತ್ತದೆ. ನಾಲ್ಕು ಕ್ಯಾಮೆರಾಕ್ಕೆ 1 ಟಿಬಿ ಡಿಸ್ಕು ಅಂದರೆ ಹನ್ನೆರಡು ದಿನದ ನೆನಪು. ನೀವು ಹದಿನೈದು ದಿನಕ್ಕೆ ವಾಪಸ್ ಬರುವಷ್ಟರಲ್ಲಿ ಕಳವಿನ ರಾತ್ರಿ ಅಳಿಸಿಹೋಗಿರುತ್ತದೆ. 2 ಟಿಬಿ ಹಾಕಿಸಿ. ರೆಕಾರ್ಡರ್ ಡಬ್ಬಿಯನ್ನು ಟಿವಿ ಕೆಳಗೆ ಇಟ್ಟರೆ ಕಳ್ಳ ಅದನ್ನೂ ಹೊತ್ತುಕೊಂಡು ಹೋಗುತ್ತಾನೆ, ಅಟ್ಟದ ಮೇಲೆ ಮುಚ್ಚಿಡಿ. ಮೀಟರಿನ ಹತ್ತಿರದ ಮೇನ್ ಸ್ವಿಚ್ ತೆಗೆದರೆ ಎಲ್ಲ ಕುರುಡು, ಹಾಗಾಗಿ ಇನ್ವರ್ಟರಿನ ಲೈನಿಗೆ ಜೋಡಿಸಿ. ಗಡಿಯಾರ ತಿಂಗಳಿಗೊಮ್ಮೆ ಸರಿಮಾಡಿ. ದೃಶ್ಯ ಸಿಕ್ಕಿತು ಅಂದರೆ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್ಆಪಿಗೆ ಹಾಕುವುದು ಸಾಕ್ಷಿಯಾಗುವುದಿಲ್ಲ. ಮೂಲ ಫೈಲನ್ನು ಪೆನ್‌ಡ್ರೈವಿಗೆ ತೆಗೆಸಿ, ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಮಿನ ಪ್ರಮಾಣಪತ್ರದ (ಡಿಜಿಟಲ್ ಸಾಕ್ಷಿಯ ಜೊತೆ ಬರೆದುಕೊಡುವ ದೃಢೀಕರಣ) ಜೊತೆ ತನಿಖಾಧಿಕಾರಿಗೆ ಕೊಡಬೇಕು.

ಠಾಣೆಯ ವಿಷಯ. ನಿಮಗೆ ಕೊಟ್ಟ ಚೀಟಿ ಎಫ್‌ಐಆರ್ ಅಲ್ಲ, ಅರ್ಜಿ ಬಂತು ಅನ್ನುವ ರಸೀದಿ. ಪೊಲೀಸರ ಆನ್‌ಲೈನ್ ‘ಇ-ಲಾಸ್ಟ್’ನಲ್ಲಿ ಬರೆದದ್ದೂ ಅಲ್ಲ, ಅದು ಕಳೆದುಹೋದ ವಸ್ತುವಿಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದದ್ದು) 173ನೇ ಕಲಮಿನ ಪ್ರಕಾರ ಎಫ್‌ಐಆರ್ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಠಾಣೆಯಲ್ಲಿ ಬರೆದುಕೊಳ್ಳದಿದ್ದರೆ ಅದೇ ಫಿರ್ಯಾದಿಯನ್ನು ಅಂಚೆಯಲ್ಲಿ ಮೇಲಧಿಕಾರಿಗೆ, ನಿಮ್ಮಲ್ಲಾದರೆ ನವನಗರದ ಪೊಲೀಸ್ ಕಮಿಷನರ್ ಕಚೇರಿಗೆ, ಕಳಿಸಿ. ಅಲ್ಲಿಗೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಎಫ್‌ಐಆರಿನಲ್ಲಿ ಭಾರತೀಯ ನ್ಯಾಯ ಸಂಹಿತೆಯ (ಹಳೇ ಐಪಿಸಿ ಜಾಗಕ್ಕೆ ಬಂದದ್ದು) 305 ಮತ್ತು 331(4) ಇವೆಯೇ ನೋಡಿ. ಮೊದಲನೆಯದು ಮನೆಯೊಳಗಿನ ಕಳವಿಗೆ. ಎರಡನೆಯದು ರಾತ್ರಿ ಕಳವಿಗಾಗಿ ಮನೆ ಒಡೆದದ್ದಕ್ಕೆ, 14 ವರ್ಷದ ತನಕ ಶಿಕ್ಷೆ ಇದೆ. ಕಳವಾದ ಗಳಿಗೆ ಗೊತ್ತಿಲ್ಲದಿದ್ದರೆ ಊಹಿಸಬೇಡಿ, ‘ಇಂಥ ದಿನ ಇಷ್ಟಕ್ಕೆ ಕೀಲಿ ಹಾಕಿದೆ, ಇಂಥ ದಿನ ಇಷ್ಟಕ್ಕೆ ನೋಡಿದೆ’ ಅಂತ ಬರೆಸಿ. ಆಮೇಲೆ ಇನ್ನೇನೋ ಹೋಗಿದ್ದು ನೆನಪಾದರೆ ಪುರವಣಿ ಹೇಳಿಕೆ ಕೊಡಲು ಬರುತ್ತದೆ.

‘ಆರು ತೊಲೆ’ ಅಂತ ಬರೆದಿದ್ದೀರಿ. ಯಾವ ತೊಲೆ? ಹಳೇ ತೊಲೆ 11.66 ಗ್ರಾಂ, ಸರಾಫರ ಅಂಗಡಿಯಲ್ಲಿ ಈಗ 10 ಗ್ರಾಮಿಗೇ ತೊಲೆ ಅನ್ನುತ್ತಾರೆ. ಆರಕ್ಕೆ ಹತ್ತು ಗ್ರಾಂ ಫರಕು ಬಂತು. ಪ್ರತಿ ಒಡವೆಯ ತೂಕ ಗ್ರಾಮಿನಲ್ಲಿ, ಜೊತೆಗೆ ಗುರುತು ಇರಲಿ: ಬೋರಮಾಳದಲ್ಲಿ ಗುಂಡು ಎಷ್ಟು, ಪಾಟಲಿಯ ತಿರುಪು ಯಾವ ನಮೂನೆ, ಎಲ್ಲಿ ಬೆಸುಗೆ ಹಾಕಿಸಿದ್ದು. ಹೊಸ ಒಡವೆಗಳ ಮೇಲೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ, ಅಂದರೆ ಆ ಒಡವೆಯದೇ ಗುರುತಿನ ನಂಬರು, ಇರುತ್ತದೆ (2023ರ ಏಪ್ರಿಲಿನಿಂದ ಹಾಲ್‌ಮಾರ್ಕ್ ಒಡವೆಯ ಮಾರಾಟಕ್ಕೆ ಕಡ್ಡಾಯ). ಉಳಿದವುಗಳ ಆ ನಂಬರನ್ನು ಇವತ್ತೇ ಭೂತಗನ್ನಡಿ ಹಿಡಿದು ಬರೆದಿಡಿ. ಇಷ್ಟು ಯಾಕೆ ಅಂದರೆ, ನಾಳೆ ಗಿರವಿ ಅಂಗಡಿಯಿಂದ ಹತ್ತು ಮನೆಯ ಒಡವೆ ಒಟ್ಟಿಗೆ ಜಪ್ತಾದಾಗ ‘ಇದು ನನ್ನದು’ ಅನ್ನಲು ಈ ಬರಹವೇ ಆಧಾರ. ಸಿಕ್ಕ ಮುದ್ದೆಮಾಲು (ಜಪ್ತಾದ ಕಳವಿನ ಮಾಲು) ಕೇಸು ಮುಗಿಯುವ ತನಕ ಠಾಣೆಯಲ್ಲೇ ಇರಬೇಕೆಂದಿಲ್ಲ. ಪಂಚನಾಮೆ ಮತ್ತು ಫೋಟೊ ಮಾಡಿ, ಮುಚ್ಚಳಿಕೆ ಬರೆಸಿಕೊಂಡು ಬೇಗ ಮರಳಿಸಬೇಕೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ನ್ಯಾಯಾಲಯಕ್ಕೆ ಅರ್ಜಿ ನೀವೇ ಹಾಕಬೇಕು.

ಮುಂದೆ ಎಂದಾದರೂ ಬಾಗಿಲು ತೆರೆದದ್ದು ಕಂಡರೆ ಒಳಗೆ ಕಾಲಿಡದೆ 112ಕ್ಕೆ ಫೋನ್ ಮಾಡಿ. ಬೆರಳಚ್ಚು ಉಳಿಯುವುದು ನುಣುಪಾದ ಜಾಗದಲ್ಲಿ, ಟ್ರೆಜರಿಯ ಬಾಗಿಲು, ಸ್ಟೀಲ್ ಡಬ್ಬಿ, ಒಡೆದ ಗಾಜು. ಸಾಂತ್ವನ ಹೇಳಲು ಬಂದವರು ಮೊದಲು ಮುಟ್ಟುವುದೂ ಅವನ್ನೇ.

ವಿಮೆಯ ಬಗ್ಗೆ ಒಂದೇ ಎಚ್ಚರಿಕೆ. ಮನೆ ಸಾಲದ ಜೊತೆ ಬರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಬೆಂಕಿ, ನೆರೆ, ಭೂಕಂಪಕ್ಕೆ. ಅಂಥ ಅನಾಹುತದ ಏಳು ದಿನದೊಳಗೆ ಅದರಿಂದಾಗಿ ಆದ ಕಳವು ಬಿಟ್ಟರೆ ಉಳಿದ ಕಳವು ಅದರಲ್ಲಿಲ್ಲ. ಮನೆಗಳ್ಳತನದ ರಕ್ಷಣೆ ಬೇರೆಯಾಗಿ ತೆಗೆದುಕೊಳ್ಳಬೇಕು. ಅದರಲ್ಲೂ ಸಾಮಾನ್ಯವಾಗಿ ಬಲವಂತವಾಗಿ ಒಳನುಗ್ಗಿದ ಗುರುತು ಕೇಳುತ್ತಾರೆ. ಹೂಕುಂಡದ ಕೆಳಗಿನ ಕೀಲಿಕೈಯಿಂದ ಬಾಗಿಲು ತೆರೆದಿದ್ದರೆ ಕ್ಲೇಮು ಬಿದ್ದುಹೋಗುತ್ತದೆ, ದುಡ್ಡು ಸಿಗುವುದಿಲ್ಲ.

ಓಣಿಯ ಹುಡುಗರು ಗಸ್ತು ತಿರುಗಲಿ, ಠಾಣೆಗೆ ತಿಳಿಸಿ, ಟಾರ್ಚು ಮತ್ತು ಸೀಟಿ ಹಿಡಿದು. ‘ಸಿಕ್ಕವರನ್ನು ಬಿಡುವುದಿಲ್ಲ’ ಅನ್ನುವುದನ್ನು ಮಾತ್ರ ಇವತ್ತೇ ಬಿಡಿಸಿ. ಕಣ್ಣೆದುರು ಕಳವು ಮಾಡುವವನನ್ನು ಸಾಮಾನ್ಯ ನಾಗರಿಕರೂ ಹಿಡಿಯಬಹುದು, ಆದರೆ ತಡಮಾಡದೆ, ಹೆಚ್ಚೆಂದರೆ ಆರು ತಾಸಿನೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಟ್ಟಿಹಾಕಿ ಹೊಡೆದರೆ ಕೇಸು ಹುಡುಗರ ಮೇಲೆ. ಹೊಡೆಸಿಕೊಂಡವನು ಬಸ್ಸು ತಪ್ಪಿಸಿಕೊಂಡು ದಾರಿ ತಿಳಿಯದೆ ಬಂದ ಕೂಲಿಯವನೂ ಆಗಿರಬಹುದು. ಗೇಟಿಗೆ ಕರೆಂಟು ಹಾಯಿಸುವ ವಿಚಾರ ಯಾರಾದರೂ ತೆಗೆದರೆ ಅಲ್ಲೇ ನಿಲ್ಲಿಸಿ. ಅದರಿಂದ ಮೊದಲು ಸಾಯುವವನು ಹಾಲು ಹಾಕುವ ಹುಡುಗ.

ನಾಯಿ ಸಾಕುವುದು ನಿಮ್ಮ ಖುಷಿ. ಒಳಗೆ ಮಲಗಿ ಸಪ್ಪಳಕ್ಕೆ ಬೊಗಳುವ ನಾಯಿಯಿಂದ ಉಪಯೋಗವಿದೆ, ಹಿತ್ತಿಲಲ್ಲಿ ಸರಪಳಿ ಹಾಕಿ ಕಟ್ಟಿದ್ದರಿಂದ ಅಷ್ಟಿಲ್ಲ. ತರುವ ಮೊದಲು, ನೀವು ಮಗಳ ಊರಿಗೆ ಹೋದಾಗ ಅದಕ್ಕೆ ರೊಟ್ಟಿ ಹಾಕುವವರು ಯಾರು ಅನ್ನುವುದನ್ನು ಗೊತ್ತು ಮಾಡಿಕೊಳ್ಳಿ.