ಒಂಟಿ ನಳಿಕೆಯೋ, ಜೋಡಿ ನಳಿಕೆಯೋ? ಟ್ರ್ಯಾಪ್ ಕೋವಿ ಕೊಳ್ಳುವ ಮುನ್ನ

ಪ್ರಶ್ನೆ: ನಾನು ವಿರಾಜಪೇಟೆಯ ಕಡೆಯವನು. ಹತ್ತು ವರ್ಷಗಳಿಂದ ಪುಣೆಯ ಕೋಥ್ರೂಡಿನಲ್ಲಿದ್ದೇನೆ. ಒಂದು ವರ್ಷದಿಂದ ಬೇರೆಯವರ ಕೋವಿ ಬಳಸಿ, ತರಬೇತುದಾರರ ಕೈಕೆಳಗೆ ಟ್ರ್ಯಾಪ್, ಅಂದರೆ ಯಂತ್ರ ಎಸೆದ ಬಿಲ್ಲೆಯನ್ನು ಗಾಳಿಯಲ್ಲೇ ಹೊಡೆದು ಪುಡಿ ಮಾಡುವ ಆಟ, ಅಭ್ಯಾಸ ಮಾಡುತ್ತಿದ್ದೇನೆ. ಅಮೆರಿಕದಲ್ಲಿರುವ ನನ್ನ ಭಾವ ಬ್ರೌನಿಂಗ್ ಬಿಟಿ-99 ಎಂಬ ಒಂಟಿ ನಳಿಕೆಯ ಕೋವಿಯಲ್ಲಿ 25ಕ್ಕೆ 23, 24 ಬಿಲ್ಲೆ ಹೊಡೆಯುತ್ತಾರೆ. ನನಗೆ 14 ದಾಟುವುದಿಲ್ಲ. ಅಂಥದ್ದೇ ಕೋವಿ ಕೊಳ್ಳಬೇಕೆಂದಿದ್ದೇನೆ. ಮುಂದೆ ಸ್ಪರ್ಧೆಗಳಿಗೆ ಹೋಗುವ ಆಸೆಯೂ ಇದೆ. ಏನೇನು ನೋಡಬೇಕು? ಊರಿನ ಮನೆಯಲ್ಲಿ ಅಜ್ಜನ ಒಂಟಿ ನಳಿಕೆ ಕೋವಿ ಇದೆ. ಸದ್ಯಕ್ಕೆ ಅದನ್ನೇ ಬಳಸಬಹುದೇ?

ಉತ್ತರ: ನಿಮ್ಮ ಭಾವನವರ ಕೋವಿ ಒಳ್ಳೆಯ ಕೋವಿ. ಆದರೆ ಅವರು ಆಡುತ್ತಿರುವ ಆಟವೇ ಬೇರೆ, ನೀವು ಆಡುತ್ತಿರುವುದೇ ಬೇರೆ. ಎರಡಕ್ಕೂ ಟ್ರ್ಯಾಪ್ ಎಂದೇ ಹೆಸರಿರುವುದರಿಂದ ಈ ಗೊಂದಲ ಹುಟ್ಟುತ್ತದೆ. ಅವರ 24ನ್ನೂ ನಿಮ್ಮ 14ನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಅಮೆರಿಕದ ಪದ್ಧತಿಯಲ್ಲಿ ಮುಂದಿರುವ ಒಂದು ಗೂಡಿನಿಂದ ಒಂದೇ ಯಂತ್ರ ಬಿಲ್ಲೆ ಎಸೆಯುತ್ತದೆ. ಸಾಮಾನ್ಯ ಸುತ್ತಿನಲ್ಲಿ ಶೂಟರ್ ಅದರಿಂದ 16 ಗಜ ಹಿಂದೆ ನಿಲ್ಲುತ್ತಾನೆ. ಬಿಲ್ಲೆ ಸುಮಾರು 50 ಗಜ ಹಾರಿ ಬೀಳುತ್ತದೆ, ಎಡಕ್ಕಾಗಲಿ ಬಲಕ್ಕಾಗಲಿ ತೀರಾ ಓರೆಯಾಗಿ ಹೋಗುವುದಿಲ್ಲ. ಒಂದು ಬಿಲ್ಲೆಗೆ ಒಂದೇ ತೋಟಾ. ನಮ್ಮಲ್ಲಿ ರಾಷ್ಟ್ರೀಯ ಸ್ಪರ್ಧೆಗಳಿಂದ ಒಲಿಂಪಿಕ್ಸ್‌ವರೆಗೆ ನಡೆಯುವುದು ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ಪದ್ಧತಿ. ಅಲ್ಲಿ ನೆಲದೊಳಗಿನ ಕಂದಕದಲ್ಲಿ 15 ಯಂತ್ರಗಳಿರುತ್ತವೆ. ನೀವು ಅವುಗಳಿಂದ 15 ಮೀಟರ್ ಹಿಂದೆ ನಿಂತಿರುತ್ತೀರಿ. ನಿಮ್ಮೆದುರಿನ ಮೂರು ಯಂತ್ರಗಳಲ್ಲಿ ಯಾವುದು ಎಸೆಯುತ್ತದೆಂಬುದು ನಿಮಗೆ ಗೊತ್ತಿರುವುದಿಲ್ಲ. ಬಿಲ್ಲೆ 76 ಮೀಟರ್ ದೂರ ಹೋಗುವ ವೇಗದಲ್ಲಿ, 45 ಡಿಗ್ರಿಯವರೆಗಿನ ಯಾವುದೇ ಓರೆಯಲ್ಲಿ ಚಿಮ್ಮುತ್ತದೆ. ಅರ್ಹತಾ ಸುತ್ತಿನ 125 ಬಿಲ್ಲೆಗಳಲ್ಲಿ ಪ್ರತಿಯೊಂದಕ್ಕೂ ಎರಡು ಹೊಡೆತಗಳ ಅವಕಾಶವಿದೆ.

ಉಳಿದೆಲ್ಲ ಮಾತು ಈ ಎರಡನೆಯ ಹೊಡೆತದಿಂದಲೇ ಹೊರಡುತ್ತದೆ. ಒಂದೇ ತೋಟಾ ಎಂಬ ನಿಯಮವಿರುವಲ್ಲಿ ಇನ್ನೊಂದು ನಳಿಕೆ ಸುಮ್ಮನೆ ಹೊರುವ ಭಾರ. ಅದಕ್ಕೇ ಅಲ್ಲಿನವರು ಒಂದೇ ನಳಿಕೆಗೆ ಇಡೀ ಶ್ರಮವನ್ನು ಸುರಿದು, ಅದನ್ನು 32 ಅಥವಾ 34 ಇಂಚು ಉದ್ದ ಮಾಡಿ, ನಿಧಾನವಾಗಿ ಹದವಾಗಿ ಬೀಸುವಂಥ ಕೋವಿ ಕಟ್ಟಿದರು. ಜಪಾನಿನ ಮಿರೋಕು ಕಾರ್ಖಾನೆಯಲ್ಲಿ ತಯಾರಾಗುವ ಬಿಟಿ-99 ಅಂಥದ್ದು. ಕೈಯಿಂದ ಹಾಕುವ ಸೇಫ್ಟಿ ಗುಂಡಿ ಕೂಡ ಅದರಲ್ಲಿಲ್ಲ, ಏಕೆಂದರೆ ಹೊಡೆಯುವ ಜಾಗದಲ್ಲಿ ನಿಂತ ಮೇಲೆಯೇ ತೋಟಾ ಹಾಕುವುದು ಅಲ್ಲಿನ ಕಟ್ಟುನಿಟ್ಟು. ಆದರೆ ಎರಡು ಹೊಡೆತಕ್ಕೆ ಅವಕಾಶವಿರುವ ಕಣಕ್ಕೆ ಒಂಟಿ ನಳಿಕೆ ಹಿಡಿದು ಹೋದರೆ, ಪಕ್ಕದವನಿಗೆ ಸಿಕ್ಕ ಅರ್ಧ ಅವಕಾಶವನ್ನು ನೀವು ಮನೆಯಲ್ಲೇ ಬಿಟ್ಟು ಹೋದಂತೆ. ಫೈನಲ್‌ನಲ್ಲಿ ಒಂದೇ ಹೊಡೆತವಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೌದು. ಆದರೆ ಫೈನಲ್ ಮುಟ್ಟಬೇಕಾದರೆ ಆ 125ನ್ನು ದಾಟಿಯೇ ಹೋಗಬೇಕು. ನನ್ನ ಹಳೆಯ ಸ್ಕೋರ್ ಪುಸ್ತಕ ತೆರೆದರೆ, ಒಳ್ಳೆಯ ದಿನಗಳಲ್ಲಿ ಕೂಡ ಪ್ರತಿ ಸುತ್ತಿನ ಎರಡು ಮೂರು ಬಿಲ್ಲೆಗಳು ಎರಡನೆಯ ನಳಿಕೆಯ ಕೃಪೆ. ಇನ್ನು 2004ರ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದ ಡಬಲ್ ಟ್ರ್ಯಾಪ್‌ನಲ್ಲಂತೂ ಎರಡು ಬಿಲ್ಲೆ ಒಟ್ಟಿಗೇ ಹಾರುತ್ತಿದ್ದವು, ಒಂಟಿ ನಳಿಕೆಗೆ ಅಲ್ಲಿ ಜಾಗವೇ ಇರಲಿಲ್ಲ.

ಆದ್ದರಿಂದ ಸ್ಪರ್ಧೆಯ ಆಸೆಯಿದ್ದರೆ ನನ್ನ ಸಲಹೆ ಒಂದೇ: ಒಂದರ ಮೇಲೊಂದು ನಳಿಕೆಯಿರುವ ಹನ್ನೆರಡು ಬೋರಿನ ಟ್ರ್ಯಾಪ್ ಕೋವಿ ಕೊಳ್ಳಿ. ನಳಿಕೆ 30 ಅಥವಾ 32 ಇಂಚು, ತೂಕ ಮೂರೂಮುಕ್ಕಾಲು ಕಿಲೋ ಆಸುಪಾಸು ಇರಲಿ. ಮುಂದೆ ಎಂದಾದರೂ ಅಮೆರಿಕದ ಪದ್ಧತಿಯನ್ನೂ ಆಡಬೇಕೆನಿಸಿದರೆ, ಅದೇ ಕೋವಿಗೆ ಪ್ರತ್ಯೇಕ ಒಂಟಿ ನಳಿಕೆ ಜೋಡಿಸಿಕೊಡುವ ತಯಾರಕರಿದ್ದಾರೆ.

ನಳಿಕೆಯ ಲೆಕ್ಕ ಇಲ್ಲಿಗೆ ಮುಗಿಯಿತು. ನಿಮ್ಮ 14 ಏರುವುದು ನಿಜವಾಗಿ ಸ್ಟಾಕಿನಿಂದ, ಅಂದರೆ ಭುಜಕ್ಕೂ ಕೆನ್ನೆಗೂ ತಾಗುವ ಆ ಮರದ ತುಂಡಿನಿಂದ. ನಾನು ಕೊಂಡ ಮೊದಲ ಕೋವಿಯ ಪಕ್ಕೆಯ ಮೇಲೆ ಹಾರುವ ಬಾತುಗಳ ಕೆತ್ತನೆ ಇತ್ತು. ಆ ಕೆತ್ತನೆಗೆ ಮರುಳಾಗಿ ದುಡ್ಡು ಎಣಿಸಿದೆ. ಒಂದು ಇಡೀ ವರ್ಷ ಬಿಲ್ಲೆಗಳ ಕೆಳಗೆ ಹೊಡೆದೆ. ಸಂಜೆ ಕನ್ನಡಿಯಲ್ಲಿ ನೋಡಿಕೊಂಡರೆ ಕೆನ್ನೆಯ ಮೂಳೆ ನೇರಳೆ ಬಣ್ಣಕ್ಕೆ ತಿರುಗಿರುತ್ತಿತ್ತು. ಕಡೆಗೆ ಹಿರಿಯ ಶೂಟರ್ ಒಬ್ಬರು ನನ್ನ ಕೋವಿಯನ್ನು ತೆಗೆದುಕೊಂಡು, ಕೆನ್ನೆ ಒರಗುವ ಅಂಚಿನ ಮೇಲೆ ರಟ್ಟಿನ ಪಟ್ಟಿಯಿಟ್ಟು ಟೇಪು ಸುತ್ತಿ ಕೊಟ್ಟರು. ಮುಂದಿನ ಸುತ್ತಿನಲ್ಲಿ ಆರು ಬಿಲ್ಲೆ ಹೆಚ್ಚಿಗೆ ಪುಡಿಯಾದವು.

ಅದರ ಹಿಂದಿನ ಲೆಕ್ಕ ಸರಳ. ರೈಫಲ್‌ಗೆ ಇರುವಂತೆ ಈ ಕೋವಿಗೆ ಹಿಂಬದಿಯ ಗುರಿಕಿಂಡಿ ಇಲ್ಲ. ನಿಮ್ಮ ಕಣ್ಣೇ ಆ ಕಿಂಡಿ. ಕಣ್ಣಿನಿಂದ ನಳಿಕೆಯ ತುದಿಯ ಮಣಿಗೆ ಸುಮಾರು ಒಂದು ಮೀಟರ್. ಬಿಲ್ಲೆ ಇರುವುದು 35 ಮೀಟರ್ ದೂರದಲ್ಲಿ. ಕೆನ್ನೆ ಮೂರು ಮಿಲಿಮೀಟರ್ ತಗ್ಗಿದರೆ, ಅಂದರೆ ಒಂದು ರೂಪಾಯಿಯ ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟು ತಗ್ಗಿದರೆ, ಅಲ್ಲಿ ಹೊಡೆತ ಹತ್ತು ಸೆಂಟಿಮೀಟರಿಗೂ ಹೆಚ್ಚು ಕೆಳಗೆ ಹೋಗುತ್ತದೆ. ಬಿಲ್ಲೆಯ ಅಡ್ಡಳತೆ 11 ಸೆಂಟಿಮೀಟರ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಆದ್ದರಿಂದ ಕೆನ್ನೆಯ ಆಸರೆಯನ್ನು ಏರಿಳಿಸಲು ಬರುವ ಸ್ಟಾಕ್ ಇದ್ದರೆ ಅದಕ್ಕೆ ಹೆಚ್ಚು ಹಣ ಕೊಡಲು ಹಿಂಜರಿಯಬೇಡಿ. ಕೆತ್ತನೆಗೆ ಒಂದು ಕಾಸೂ ಹೆಚ್ಚು ಕೊಡಬೇಡಿ.

ಕೊಳ್ಳುವ ಮುನ್ನ ಈ ಪರೀಕ್ಷೆ ಮಾಡಿ. ಕೋವಿ ಖಾಲಿಯಿದೆಯೆಂದು ನೀವು ಒಮ್ಮೆ, ಜೊತೆಯವರು ಒಮ್ಮೆ ನೋಡಿ ಖಚಿತಪಡಿಸಿಕೊಳ್ಳಿ. ನಿಲುವುಗನ್ನಡಿಯ ಮುಂದೆ ನಿಂತು, ಕಣ್ಣು ಮುಚ್ಚಿ, ಕೋವಿಯನ್ನು ಭುಜಕ್ಕೇರಿಸಿ ಕೆನ್ನೆ ಒರಗಿಸಿ, ಆಮೇಲೆ ಕಣ್ಣು ಬಿಡಿ. ಕನ್ನಡಿಯೊಳಗೆ ನಿಮ್ಮ ಕಣ್ಣಿನ ಪಾಪೆ ನಳಿಕೆಯ ಮೇಲಿನ ಪಟ್ಟಿಗೆ ಸರಿಯಾಗಿ ನಡುವೆ, ತುಸು ಮೇಲೆ ಕುಳಿತಿರಬೇಕು. ಟ್ರ್ಯಾಪ್ ಕೋವಿಯಲ್ಲಿ ನಡುವಿನ ಮಣಿಯೂ ತುದಿಯ ಮಣಿಯೂ ಒಂದರ ಮೇಲೊಂದು ಏರಿ 8 ಅಂಕಿಯ ಆಕಾರದಲ್ಲಿ ಕಾಣುವುದು ಒಳ್ಳೆಯ ಲಕ್ಷಣ. ಬಿಲ್ಲೆ ಮೇಲೇರುತ್ತಲೇ ಇರುವುದರಿಂದ, ಹೊಡೆತವೂ ಸ್ವಲ್ಪ ಮೇಲಕ್ಕೇ ಹೋಗುವಂತೆ ಈ ಕೋವಿಗಳನ್ನು ಕಟ್ಟಿರುತ್ತಾರೆ. ಕತ್ತು ಬಗ್ಗಿಸಿ, ತುಟಿ ಸೊಟ್ಟ ಮಾಡಿ ಹೊಂದಿಸಿಕೊಳ್ಳಬೇಕಾಗಿ ಬಂದರೆ ಆ ಕೋವಿ ನಿಮ್ಮದಲ್ಲ.

ಕನ್ನಡಿ ಒಪ್ಪಿದ ಮೇಲೆ ಕಾಗದದ ಸರದಿ. ಶೂಟಿಂಗ್ ರೇಂಜಿನಲ್ಲಿ ಮೀಟರಿಗಿಂತ ಅಗಲದ ಹಾಳೆ ಕಟ್ಟಿ, ನಡುವೆ ಕಪ್ಪು ಚುಕ್ಕೆಯಿಟ್ಟು, 35 ಮೀಟರಿನಿಂದ ಹೊಡೆಯಿರಿ. 24 ಗ್ರಾಮ್ ತೋಟಾದಲ್ಲಿ ಏಳೂವರೆ ನಂಬರಿನ ಚರೆ, ಅಂದರೆ ಸಣ್ಣ ಗುಂಡುಗಳು, ಸುಮಾರು 300 ಇರುತ್ತವೆ. ಹಾಳೆಯ ಮೇಲೆ ಸಾಸಿವೆ ಚೆಲ್ಲಿದಂತೆ ತೂತುಗಳು ಬೀಳುತ್ತವೆ. ಐದು ಹಾಳೆಗಳನ್ನು ಹೊಡೆದು ಸಾಲಾಗಿ ಹರಡಿ ನೋಡಿ. ಗುಂಪಿನ ನಡು ಪ್ರತಿ ಬಾರಿ ಎಡಕ್ಕೋ ಬಲಕ್ಕೋ ಸರಿದಿದ್ದರೆ ಸ್ಟಾಕ್ ತಿದ್ದಿಸಬೇಕು. ಎರಡೂ ನಳಿಕೆಗಳು ಒಂದೇ ಕಡೆ ಹೊಡೆಯುತ್ತವೆಯೇ ಎಂಬುದೂ ಇಲ್ಲಿಯೇ ತಿಳಿಯುತ್ತದೆ. ಚೋಕ್, ಅಂದರೆ ಚರೆ ಹರಡದಂತೆ ನಳಿಕೆಯ ತುದಿಯಲ್ಲಿ ಕೊಟ್ಟಿರುವ ಬಿಗಿತ, ಅದರ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಹೊಡೆತಕ್ಕೆ ಸ್ವಲ್ಪ ಸಡಿಲ, ದೂರ ಹೋದ ಬಿಲ್ಲೆಗೆ ಹೊಡೆಯುವ ಎರಡನೆಯದಕ್ಕೆ ಬಿಗಿಯಾದ ಫುಲ್ ಚೋಕ್ ಇದ್ದರೆ ಸಾಕು.

ಪೆರಾಝಿ, ಬೆರೆಟ್ಟಾ ಎಂಬ ಹೆಸರುಗಳನ್ನು ನೀವು ಕೇಳಿಯೇ ಇರುತ್ತೀರಿ. ಎರಡೂ ಇಟಲಿಯ ಬ್ರೆಷಾ ಸೀಮೆಯವು. ಪೆರಾಝಿಯ ಎಂಎಕ್ಸ್8 ಮಾದರಿ 1968ರ ಮೆಕ್ಸಿಕೊ ಒಲಿಂಪಿಕ್ಸ್‌ಗಾಗಿ ರೂಪುಗೊಂಡದ್ದು. ಅದರ ಟ್ರಿಗರ್ ಭಾಗವನ್ನು ಕೈಯಿಂದಲೇ ಕಳಚಿ, ಬೇರೆಯದನ್ನು ಕೂರಿಸಬಹುದು. ಸ್ಪರ್ಧೆಯ ನಡುವೆ ಸ್ಪ್ರಿಂಗ್ ಮುರಿದವರಿಗೆ ಅದರ ಬೆಲೆ ಗೊತ್ತು. ಆದರೆ ನಮ್ಮ ದೇಶದಲ್ಲಿ ಹೊಸ ವಿದೇಶಿ ಕೋವಿ ಆಮದು ಮಾಡಿಕೊಳ್ಳುವ ಅವಕಾಶ ಇರುವುದು ರಾಷ್ಟ್ರೀಯ ರೈಫಲ್ ಸಂಸ್ಥೆಯ ಮೂಲಕ ಅರ್ಹತೆ ಪಡೆದ ಶೂಟರ್‌ಗಳಿಗೆ. ಹಾಗಾಗಿ ಮೊದಲು ರಾಜ್ಯ ಸಂಸ್ಥೆಯ ಸದಸ್ಯರಾಗಿ, ಸ್ಪರ್ಧೆಯಲ್ಲಿ ಅರ್ಹತಾ ಅಂಕ ಗಳಿಸಿ. ಭಾವನವರ ಕೋವಿಯನ್ನು ಸೂಟ್‌ಕೇಸಿನಲ್ಲಿ ತರಿಸುವ ಯೋಚನೆ ಕನಸಿನಲ್ಲೂ ಬೇಡ. ಪರವಾನಗಿ ಇರುವ ಇನ್ನೊಬ್ಬರಿಂದ ಬಳಸಿದ ಕೋವಿ ಕೊಳ್ಳುವುದಾದರೆ, ಮಾರುವವರು ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕೆಂದು ಶಸ್ತ್ರಾಸ್ತ್ರ ಕಾಯ್ದೆ ಹೇಳುತ್ತದೆ. ಆ ದಿನಗಳನ್ನು ಕೋವಿ ಪರೀಕ್ಷಿಸಲು ಬಳಸಿಕೊಳ್ಳಿ. ಮುಚ್ಚಿದಾಗ ಸಂದು ಅಲುಗಾಡಬಾರದು. ಟ್ರಿಗರ್ ಬಗ್ಗೆ ವಿಶೇಷ ಎಚ್ಚರಿಕೆ: ಅಮೆರಿಕದ ಕೆಲವು ಟ್ರ್ಯಾಪ್ ಕೋವಿಗಳಲ್ಲಿ ಬೆರಳು ಒತ್ತಿದಾಗಲ್ಲ, ಒತ್ತಿ ಬಿಟ್ಟಾಗ ಗುಂಡು ಹಾರುವ ಟ್ರಿಗರ್ ಇರುತ್ತದೆ. ಅಂತರರಾಷ್ಟ್ರೀಯ ನಿಯಮದಲ್ಲಿ ಅದಕ್ಕೆ ನಿಷೇಧವಿದೆ, ಗೊತ್ತಿಲ್ಲದವರ ಕೈಯಲ್ಲಿ ಅದು ಅಪಾಯ.

ಇನ್ನು ಅಜ್ಜನ ಕೋವಿ. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಅದಕ್ಕೆ ತೋಕ್ ಪೂ (ಕೋವಿ ಹೂವು) ಮುಡಿಸಿ ಪೂಜಿಸಿ, ತೆಂಗಿನಕಾಯಿಗೆ ಗುರಿಯಿಡುವಾಗಲೂ ಹಿರಿಯರೊಂದಿಗೆ ಒಳ್ಳೆಯ ಬಂದೂಕು ದುರಸ್ತಿಗಾರರ ಮಾತು ಕೇಳಿ. ಅದನ್ನು ಟ್ರ್ಯಾಪ್‌ಗೆ ತರಬೇಡಿ. ಹಳೆಯ ಕೋವಿಗಳಲ್ಲಿ ಅನೇಕವುಗಳ ತೋಟಾ ಕೂರುವ ಗೂಡು 65 ಮಿಲಿಮೀಟರಿನದು. ಇಂದಿನ ಟ್ರ್ಯಾಪ್ ತೋಟಾಗಳು 70 ಮಿಲಿಮೀಟರಿನವು. ತೋಟಾ ಒಳಗೆ ಕೂರುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ, ಅದೇ ಮೋಸ. ಸಿಡಿದಾಗ ತೋಟಾದ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಮಿತಿಮೀರುತ್ತದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿ 2029ರವರೆಗೆ ಮುಂದುವರಿದಿದೆ, ನಿಜ. ಆದರೆ ಆ ಕೋವಿಯನ್ನು ಜಿಲ್ಲೆಯಿಂದ ಹೊರಗೆ ಒಯ್ಯುವ ಮಾತು ಬಂದರೆ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿ ಕೇಳಿಯೇ ಮುಂದಿನ ಹೆಜ್ಜೆ ಇಡಿ.

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ, ಎತ್ತರ ಐದಡಿ. ಠಾಣೆಯಲ್ಲಿದ್ದೇವೆ. ಟ್ರ್ಯಾಪ್ ಕಲಿಯುತ್ತಿದ್ದಾಳೆ. ಪ್ರತಿ ಅಭ್ಯಾಸದ ನಂತರ ತೋಳಿನ ಮೇಲೆ ಕಂದು ಗುರುತು. ಹಗುರವಾದ ಒಂಟಿ ನಳಿಕೆ ಕೋವಿ ಕೊಡಿಸಿದರೆ ಸರಿಹೋದೀತೇ?

ಉತ್ತರ: ತಾಯಿ, ಹಗುರವಾದ ಕೋವಿ ಇನ್ನಷ್ಟು ಜೋರಾಗಿ ಒದೆಯುತ್ತದೆ. ಅದೇ ತೋಟಾಕ್ಕೆ ಮೂರು ಕಿಲೋ ಕೋವಿ ಒದೆಯುವ ಶಕ್ತಿಗಿಂತ ಮೂರೂಮುಕ್ಕಾಲು ಕಿಲೋ ಕೋವಿಯದು ಐದನೇ ಒಂದು ಭಾಗ ಕಡಿಮೆ. ಗುರುತು ತೋಳಿನ ಮೇಲೆ ಬೀಳುತ್ತಿದೆ, ಭುಜದ ಗುಳಿಯಲ್ಲಲ್ಲ ಎಂದು ನೀವೇ ಬರೆದಿದ್ದೀರಿ. ಸ್ಟಾಕ್ ಅವಳಿಗೆ ಉದ್ದವಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಉದ್ದದ ಸ್ಟಾಕ್ ಒಳಗೆ ಬರಲಾರದೆ ಹೊರಗೆ, ತೋಳಿನ ಕಡೆಗೆ ಜಾರುತ್ತದೆ. ತರಬೇತುದಾರರೊಂದಿಗೆ ಮಾತಾಡಿ ಗಿಡ್ಡ ಸ್ಟಾಕ್ ಹಾಕಿಸಿ. ತುದಿಗೆ ಒಂದೊಂದೇ ತೆಳು ಪಟ್ಟಿ ಸೇರಿಸಿ ಉದ್ದ ಮಾಡಬಹುದಾದದ್ದು ಸಿಕ್ಕರೆ ಅವಳು ಬೆಳೆದಂತೆ ಅದೂ ಬೆಳೆಯುತ್ತದೆ. ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ಯಾರೇ ಹೇಳಿದರೂ ನಂಬಬೇಡಿ. ನೋವಿಗೆ ಹೆದರಿದ ಮಗು ಟ್ರಿಗರ್ ಒತ್ತುವ ಕ್ಷಣದಲ್ಲಿ ಕಣ್ಣು ಮುಚ್ಚುವುದನ್ನು ಕಲಿಯುತ್ತದೆ, ಅದನ್ನು ಬಿಡಿಸಲು ವರ್ಷಗಳು ಬೇಕು. ಅವಳ ಯಾವ ಕಣ್ಣು ಮೇಲುಗೈ ಎಂಬುದನ್ನೂ ನೋಡಿಸಿ. ಬಲಗೈಯವರಿಗೆ ಎಡಗಣ್ಣು ಬಲವಾಗಿರುವುದು ಅಪರೂಪವಲ್ಲ. ಕೋವಿ ಕೊಡಿಸುವ ಅವಸರವೂ ಬೇಡ. 21 ತುಂಬುವವರೆಗೆ ಅವಳು ತರಬೇತಿಗೆ ಇರುವ ನಿಯಮದಂತೆ, ಮೇಲ್ವಿಚಾರಣೆಯಲ್ಲಿ ಹೊಡೆಯುವುದೇ ದಾರಿ.

ಪ್ರಶ್ನೆ: ವಾಸ್ಕೋದಲ್ಲಿದ್ದೇನೆ. ಮಳೆಗಾಲದಲ್ಲಿ ಕೋವಿಯನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟರೂ ನಳಿಕೆಗೆ ತುಕ್ಕು. ಏನು ಮಾಡಲಿ?

ಉತ್ತರ: ಪೆಟ್ಟಿಗೆಯೇ ಕಾರಣ. ಒಳಗಿನ ಸ್ಪಂಜು ಸಮುದ್ರದ ಗಾಳಿಯ ತೇವವನ್ನು ಹೀರಿ ಉಕ್ಕಿಗೆ ಅಂಟಿಸಿಡುತ್ತದೆ. ಪೆಟ್ಟಿಗೆ ಪ್ರಯಾಣಕ್ಕೆ ಮಾತ್ರ ಇರಲಿ. ಮನೆಯಲ್ಲಿ ಬೀಗವಿರುವ ಕಬ್ಬಿಣದ ಬೀರುವಿನಲ್ಲಿ, ಗಾಳಿಯಾಡುವಂತೆ ನಿಲ್ಲಿಸಿ, ತೇವ ಹೀರುವ ಸಿಲಿಕಾ ಜೆಲ್ ಚೀಲಗಳನ್ನಿಟ್ಟು ತಿಂಗಳಿಗೊಮ್ಮೆ ಒಣಗಿಸಿ ಮತ್ತೆ ಇಡಿ. ಬೆವರಿನ ಕೈ ಮುಟ್ಟಿದ ಜಾಗವನ್ನೆಲ್ಲ ಅದೇ ದಿನ ಎಣ್ಣೆಯ ಬಟ್ಟೆಯಿಂದ ಒರೆಸಿ. ಎಣ್ಣೆ ಮಾತ್ರ ಮಿತವಾಗಿರಲಿ, ಹೆಚ್ಚಾದರೆ ಇಳಿದು ಸ್ಟಾಕಿನ ಮರವನ್ನು ಮೆತ್ತಗೆ ಮಾಡುತ್ತದೆ. ನಳಿಕೆ ಕೆಳಮುಖವಾಗಿ, ಮೆತ್ತನೆಯ ಬಟ್ಟೆಯ ಮೇಲೆ ನಿಲ್ಲಿಸಿದರೆ ಆ ತೊಂದರೆಯೂ ತಪ್ಪುತ್ತದೆ.