ಕೊನೆಗಾಲದಲ್ಲಿರುವ ಅಜ್ಜನ ಹತ್ತಿರ ಕೂತು ಏನು ಓದಬೇಕು? ನನಗೆ ಅರಬ್ಬಿ ಬರುವುದಿಲ್ಲ

ಅಜ್ಜನನ್ನು ಹುಬ್ಬಳ್ಳಿಯ ಆಸ್ಪತ್ರೆಯಿಂದ ಸವಣೂರಿನ ಮನೆಗೆ ಕರೆತಂದಿದ್ದೀರಿ, ಇನ್ನು ಮಾಡುವಂಥದ್ದು ಏನಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಬಂದವರೆಲ್ಲ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ನಿಮಗೆ ಅರಬ್ಬಿ ಓದಲು ಬರುವುದಿಲ್ಲ. ಏನು ಓದಬೇಕು, ನೋವು ನೋಡಲಾಗದೆ 'ಬೇಗ ಕರ್ಕೊಳ್ಳಪ್ಪಾ' ಎಂದು ಬೇಡಿಕೊಂಡರೆ ತಪ್ಪಾ ಎಂದು ಕೇಳಿದ್ದೀರಿ. ನಾನು ಹಳೇ ಹುಬ್ಬಳ್ಳಿಯವನು. ನಮ್ಮದು ಪಿಂಜಾರರ ಮನೆ, ಮನೆಮಾತು ಕನ್ನಡವೇ. ಆಲಿಂ (ಧರ್ಮಪಂಡಿತ) ಅಲ್ಲ, ಆದರೆ ಜಮಾತಿನ (ಮಸೀದಿಯ ಸಮುದಾಯದ) ಹಿರಿಯರ ಜೊತೆ ಇಂಥ ಮನೆಗಳಿಗೆ ಹೋಗಿ ಕೂತ ರೂಢಿ ಇದೆ.

ಅರಬ್ಬಿ ಬರುವುದಿಲ್ಲ ಎಂದು ದೂರ ನಿಲ್ಲಬೇಡಿ. ಈ ಹೊತ್ತಿನಲ್ಲಿ ಮುಖ್ಯವಾಗಿ ಬೇಕಾದ ಮಾತು ನಿಮಗೆ ಗೊತ್ತೇ ಇದೆ: 'ಲಾ ಇಲಾಹ ಇಲ್ಲಲ್ಲಾಹ್', ಅಂದರೆ ಅಲ್ಲಾಹನ ಹೊರತು ಬೇರೆ ದೇವರಿಲ್ಲ ಎಂಬ ಕಲಿಮಾ. ಸಾಯುತ್ತಿರುವವರಿಗೆ ಇದನ್ನು ನೆನಪಿಸಿ ಎಂದು ಪ್ರವಾದಿಯವರು ಹೇಳಿದ್ದು ಸಹೀಹ್ ಮುಸ್ಲಿಂ ಎಂಬ ಹದೀಸು (ಪ್ರವಾದಿಯವರ ನಡೆ-ನುಡಿಯ ವರದಿ) ಸಂಗ್ರಹದಲ್ಲಿದೆ. ಇದಕ್ಕೆ ತಲ್ಕೀನ್ ಅಂತಾರೆ. ಯಾರ ಕೊನೆಯ ಮಾತು ಈ ಕಲಿಮಾ ಆಗಿರುತ್ತದೋ ಅವರು ಜನ್ನತ್ತಿಗೆ (ಸ್ವರ್ಗಕ್ಕೆ) ಹೋಗುತ್ತಾರೆ ಎಂಬ ಹದೀಸು ಇನ್ನೊಂದು ಸಂಗ್ರಹವಾದ ಅಬೂ ದಾವೂದ್‌ನಲ್ಲಿದೆ. ಅದಕ್ಕೇ ಜನ ಇಷ್ಟು ತಹತಹಿಸುವುದು.

ಆದರೆ ಆ ತಹತಹದಲ್ಲೇ ಎಡವಟ್ಟಾಗುತ್ತದೆ. ಹಾಸಿಗೆ ಸುತ್ತ ಹತ್ತು ಮಂದಿ ನಿಂತು, ಕಿವಿಗೆ ಬಾಯಿಟ್ಟು, 'ಕಲ್ಮಾ ಪಢೋ, ಕಲ್ಮಾ ಪಢೋ' ಎಂದು ಕೂಗುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಉಸಿರಾಡುವುದೇ ಕಷ್ಟವಾಗಿರುವ ಮನುಷ್ಯನಿಗೆ ಅದು ಹಿಂಸೆ ಅಲ್ವಾ? ಓದಿ ಎಂದು ಹೇಳಲೇಬಾರದು. ನೀವು ಹತ್ತಿರ ಕೂತು, ಅವರಿಗೆ ಕೇಳುವಷ್ಟು ಮೆಲ್ಲಗೆ, ನಿಮ್ಮ ಪಾಡಿಗೆ ನೀವು ಹೇಳಿಕೊಳ್ಳಿ. ಅವರು ಒಂದು ಸಲ ಅಂದರೆ ಸಾಕು, ಸುಮ್ಮನಾಗಿಬಿಡಿ. ಆಮೇಲೆ ಬೇರೆ ಮಾತು ಆಡಿದರೆ ಮಾತ್ರ ಮತ್ತೊಮ್ಮೆ ಮೆಲ್ಲಗೆ ನೆನಪಿಸಿ. ಅಬ್ದುಲ್ಲಾಹ್ ಇಬ್ನ್ ಅಲ್ ಮುಬಾರಕ್ ಎಂಬ ದೊಡ್ಡ ವಿದ್ವಾಂಸರು 797ರಲ್ಲಿ ತೀರಿಕೊಳ್ಳುವಾಗ ಒಬ್ಬರು ಪಕ್ಕದಲ್ಲಿ ಕೂತು ಮತ್ತೆ ಮತ್ತೆ ಕಲಿಮಾ ಹೇಳಿಕೊಡುತ್ತಿದ್ದರಂತೆ. ನಾನು ಒಂದು ಸಲ ಹೇಳಿದ ಮೇಲೆ ಬೇರೆ ಮಾತು ಆಡುವ ತನಕ ಅದರ ಮೇಲೇ ಇದ್ದೇನೆ ಎಂದು ಆ ವಿದ್ವಾಂಸರು ಸಮಾಧಾನದಿಂದ ತಿಳಿಸಿದರು. ತಿರ್ಮಿದಿ ಎಂಬ ಹದೀಸು ಸಂಗ್ರಹದಲ್ಲಿ ಇದು ದಾಖಲಾಗಿದೆ.

ನಮ್ಮವ್ವ ಹೋಗುವಾಗ ಹೀಗೇ ಆಯಿತು. ಅಕ್ಕ ಹೇಳಿಕೊಳ್ಳುತ್ತಿದ್ದಳು, ಅವ್ವನೂ ತುಟಿ ಅಲ್ಲಾಡಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಬಿಟ್ಟು 'ಎಮ್ಮಿಗೆ ನೀರ ಕುಡಿಸಿದೇನೋ' ಎಂದು ನನ್ನನ್ನು ಕೇಳಿದಳು. ಕುಡಿಸೀನವ್ವಾ ಅಂದೆ. ಅಲ್ಲಿದ್ದ ಸಂಬಂಧಿಕರೊಬ್ಬರು ಗಾಬರಿಯಾಗಿ ಜೋರು ಮಾಡಲು ಹೊರಟರು. ಅಕ್ಕ ಅವರನ್ನು ತಡೆದು, ಮತ್ತೆ ಅದೇ ಮೆಲುದನಿಯಲ್ಲಿ ಶುರು ಮಾಡಿದಳು. ಎಮ್ಮೆಯ ಚಿಂತೆ ಮಾಡಿದ್ದಕ್ಕೆ ಅವ್ವನ ಈಮಾನಿಗೆ (ನಂಬಿಕೆಗೆ) ಏನೂ ಕಡಿಮೆಯಾಗಲಿಲ್ಲ. ಮಾತೇ ನಿಂತುಹೋದವರು, ಪ್ರಜ್ಞೆ ಇಲ್ಲದವರು ಕಲಿಮಾ ಹೇಳದೆ ಹೋದರೂ ಅವರ ಬಗ್ಗೆ ಯಾರೂ ತೀರ್ಪು ಕೊಡಬಾರದು.

ಯಾಸೀನ್ ಬಗ್ಗೆ. ಕುರ್‌ಆನಿನ 36ನೇ ಸೂರಾ (ಅಧ್ಯಾಯ), 83 ಆಯತ್‌ಗಳು. ಸಾಯುವವರ ಹತ್ತಿರ ಅದನ್ನು ಓದುವುದು ನಮ್ಮ ಕಡೆ ಮನೆಮನೆಯ ಪದ್ಧತಿ. ಅದರ ಹದೀಸು ದುರ್ಬಲ ಎನ್ನುವ ಆಲಿಮರೂ ಇದ್ದಾರೆ. ಓದಲು ಬಲ್ಲವರು ಸಿಕ್ಕರೆ ಓದಿಸಿ, ಇಲ್ಲವಾದರೆ ಏನೋ ಬಿಟ್ಟುಹೋಯಿತು ಎಂದು ಕೊರಗಬೇಡಿ. ಮೊಬೈಲಿನಲ್ಲಿ ಹಚ್ಚುವುದಾದರೆ ಸಣ್ಣ ದನಿಯಲ್ಲಿ ಹಚ್ಚಿ. ಅಜ್ಜ ಮುಖ ಕಿವುಚಿದರೆ ನಿಲ್ಲಿಸಿ.

ದುಆ, ಅಂದರೆ ಪ್ರಾರ್ಥನೆ, ಕನ್ನಡದಲ್ಲೇ ಮಾಡಿ. ರೋಗಿಯ ಹತ್ತಿರ ಹೋದಾಗ ಒಳ್ಳೆಯದನ್ನೇ ನುಡಿಯಿರಿ, ನೀವು ಅಂದದ್ದಕ್ಕೆ ದೇವದೂತರಾದ ಮಲಕ್‌ಗಳು ಆಮೀನ್ ಹೇಳುತ್ತಾರೆ ಎಂದು ಪ್ರವಾದಿಯವರ ಪತ್ನಿ ಉಮ್ಮು ಸಲಮಾ ವರದಿ ಮಾಡಿದ ಹದೀಸಿನಲ್ಲಿದೆ. ಹಾಗಾಗಿ 'ಯಾ ಅಲ್ಲಾಹ್, ನಮ್ಮಜ್ಜನ ತಪ್ಪು ಮಾಫ್ ಮಾಡು, ಅವರ ಮೇಲೆ ರಹಮ್ ಮಾಡು, ಈ ಹೊತ್ತನ್ನು ಹಗುರ ಮಾಡು' ಅಂದರೂ ಅದು ಪೂರ್ತಿ ದುಆನೇ. ಪ್ರವಾದಿಯವರು ತಮ್ಮ ಕೊನೆಯಲ್ಲಿ ಬೇಡಿದ್ದೂ ಹೆಚ್ಚುಕಡಿಮೆ ಇದನ್ನೇ: ನನ್ನನ್ನು ಕ್ಷಮಿಸು, ನನ್ನ ಮೇಲೆ ಕರುಣೆ ತೋರು, ಉನ್ನತ ಸಂಗಾತಿಯ ಬಳಿ ಸೇರಿಸು. ಅವರಿಗೂ ಸಾವಿನ ಸಂಕಟ ಇತ್ತು. ನೀರಿನಲ್ಲಿ ಕೈ ಅದ್ದಿ ಮುಖ ಒರೆಸಿಕೊಳ್ಳುತ್ತಾ, ಸಾವಿಗೆ ಸಂಕಟಗಳಿವೆ ಅಂದರು. ಅಜ್ಜ ನರಳುವುದನ್ನು ನೋಡಿ 'ಏನು ಪಾಪ ಮಾಡಿದ್ದರೋ' ಎಂದು ಯಾರಾದರೂ ಅಂದರೆ ಇದನ್ನು ಅವರಿಗೆ ಹೇಳಿ.

ನರಕ, ಕಬರಿನ ಅಜಾಬ್ (ಗೋರಿಯ ಶಿಕ್ಷೆ), ಇಂಥ ಮಾತು ಈಗ ಬೇಡವೇ ಬೇಡ. ಅಲ್ಲಾಹನ ಬಗ್ಗೆ ಒಳ್ಳೆಯ ಭರವಸೆ ಇಟ್ಟುಕೊಂಡೇ ಸಾಯಿರಿ ಎಂದು ಪ್ರವಾದಿಯವರು ತೀರಿಕೊಳ್ಳುವ 3 ದಿನ ಮುಂಚೆ ಹೇಳಿದ್ದರು. ಈಜಿಪ್ಟನ್ನು ಗೆದ್ದ ಅಮ್ರ್ ಬಿನ್ ಅಲ್ ಆಸ್ ಸಾಯುವಾಗ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಅತ್ತರು. ಆಗ ಮಗ ಮಾಡಿದ್ದೇನು? ಅಪ್ಪಾ, ಪ್ರವಾದಿಯವರು ನಿಮಗೆ ಇಂಥಿಂಥ ಶುಭಸುದ್ದಿ ಕೊಟ್ಟಿರಲಿಲ್ಲವೇ ಎಂದು ಒಂದೊಂದಾಗಿ ನೆನಪಿಸಿದರು. ನೀವೂ ಹಾಗೆ ಮಾಡಿ. ಅಜ್ಜ ಯಾರ ಮಗಳ ಮದುವೆಗೆ ನೆರವಾದರು, ಬರಗಾಲದಲ್ಲಿ ಯಾರಿಗೆ ಜೋಳ ಕೊಟ್ಟರು, ಎಷ್ಟು ವರ್ಷ ರೋಜಾ ಬಿಡಲಿಲ್ಲ, ಅದನ್ನೆಲ್ಲ ಅವರ ಎದುರಿಗೇ ಮಾತಾಡಿಕೊಳ್ಳಿ.

ಕಿಬ್ಲಾ (ನಮಾಜಿಗೆ ಮುಖ ಮಾಡುವ ದಿಕ್ಕು) ನಮ್ಮ ಕಡೆ ಪಶ್ಚಿಮ, ಸ್ವಲ್ಪ ಉತ್ತರಕ್ಕೆ ವಾಲಿದಂತೆ. ತಲೆ ಉತ್ತರಕ್ಕಿಟ್ಟು ಬಲಮಗ್ಗುಲಿಗೆ ಮಲಗಿಸಿದರೆ ಮುಖ ತಾನಾಗಿ ಆ ಕಡೆ ಬರುತ್ತದೆ. ಅಥವಾ ಅಂಗಾತ ಮಲಗಿಸಿ, ಕಾಲು ಪಶ್ಚಿಮಕ್ಕಿಟ್ಟು, ತಲೆದಿಂಬು ಸ್ವಲ್ಪ ಎತ್ತರ ಮಾಡಿ. ಹೊರಳಿಸಿದರೆ ನೋವಾಗುತ್ತದೆ ಅಂದರೆ ಇದ್ದ ಹಾಗೇ ಇರಲಿ. ತುಟಿ ಒಣಗದಂತೆ ಒದ್ದೆ ಹತ್ತಿಯಿಂದ ಒರೆಸುತ್ತಿರಿ. ನುಂಗಲು ಆಗದವರಿಗೆ ಜಮ್‌ಜಮ್ ನೀರಾದರೂ ಚಮಚದಲ್ಲಿ ಸುರಿಯಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ.

ಮುಟ್ಟಾದ ಹೆಣ್ಣುಮಕ್ಕಳು ಒಳಗೆ ಬರಬಾರದು ಎಂದು ಯಾರಾದರೂ ತಡೆದರೆ ಕೇಳಬೇಡಿ. ಮಗಳಿಗೆ ತಂದೆಯ ಕೊನೆ ಗಳಿಗೆ ತಪ್ಪಿಸುವುದು ಅನ್ಯಾಯ. ಕಲಿಮಾ, ದುಆ ಅವರೂ ಹೇಳಬಹುದು. ಓಣಿಯ ಲಿಂಗಾಯತ ಗೆಳೆಯರು ಬಂದರೆ ಅವರನ್ನೂ ಹತ್ತಿರ ಕೂರಿಸಿ. ಪ್ರವಾದಿಯವರೇ ಕಾಯಿಲೆ ಬಿದ್ದ ಯಹೂದಿ ಹುಡುಗನನ್ನು ನೋಡಲು ಹೋಗಿದ್ದರು. ಅಜ್ಜನಿಗೆ ಮಾತು ಇದ್ದರೆ 'ಏನಾರ ತಪ್ಪಾಗಿದ್ರ ಮಾಫ್ ಮಾಡ್ರಿ' ಎಂದು ಅವರ ಹತ್ತಿರವೂ ಕೇಳಿಕೊಳ್ಳಲಿ. ಸೊಸೈಟಿ ಸಾಲ, ಅಂಗಡಿ ಉದ್ರಿ ಏನಾದರೂ ಇದೆಯಾ ಎಂದು ಒಬ್ಬರೇ ಮೆಲ್ಲಗೆ ಕೇಳಿ ಬರೆದಿಟ್ಟುಕೊಳ್ಳಿ. ಆಸ್ತಿ ಹಂಚುವ ಮೊದಲು ಅದು ತೀರಬೇಕು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಸಾವನ್ನು ಬೇಡಬಾರದು ಎಂದು ಹದೀಸು ಇದೆ, ಆದರೆ ಅದೇ ಹದೀಸು ನಿಮ್ಮಂಥವರಿಗೆ ದಾರಿಯನ್ನೂ ಕೊಟ್ಟಿದೆ. ಬದುಕು ಒಳಿತಾಗಿರುವ ತನಕ ಬದುಕಿಸು, ಸಾವು ಒಳಿತಾದಾಗ ಕರೆದುಕೋ ಎಂದು ಬೇಡಬಹುದು. ಅಜ್ಜನ ಹೆಸರು ಹಿಡಿದು ಹಾಗೇ ಬೇಡಿಕೊಳ್ಳಿ. ನಿಮ್ಮ ಬಾಯಿಂದ ಬಂದ ಆ ಮಾತು ಪ್ರೀತಿಯಿಂದ ಬಂದದ್ದು, ಅದಕ್ಕೆ ಹೆದರಬೇಡಿ.

ಉಸಿರು ನಿಂತ ಮೇಲೆ 'ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್' (ನಾವು ಅಲ್ಲಾಹನವರು, ಅವನ ಕಡೆಗೇ ಮರಳುವವರು) ಎಂದು ಹೇಳಿ, ರೆಪ್ಪೆ ಮುಚ್ಚಿ, ಗದ್ದಕ್ಕೆ ಬಟ್ಟೆ ಕಟ್ಟಿ, ಮೈಮೇಲೆ ಚಾದರ ಹೊದಿಸಿ. ಆಮೇಲೆ ಮಸೀದಿಗೆ ಹೇಳಿಕಳಿಸಿದರೆ ಗುಸುಲ್ (ಸ್ನಾನ), ಕಫನ್ (ಶವವಸ್ತ್ರ) ಎಲ್ಲ ಜಮಾತಿನವರು ನೋಡಿಕೊಳ್ಳುತ್ತಾರೆ. ನಮಾಜು ನಡೆಸುವ ಪೇಶ್ ಇಮಾಮರ ನಂಬರು ಇವತ್ತೇ ಇಸ್ಕೊಂಡಿಡಿ.